ಅಪ್ಪನ ಬಾಯಿ, ಚಾಚಾನ ಮುದಿ ಎತ್ತು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಬೈಗುಳದಂಥ ಮಾತುಗಳು ಬೆಳಗಿನಿಂದ ಸಂಜೆಯವರೆಗೆ ಧಾರಾಳವಾಗಿ ಬೀಳುತ್ತಿದ್ದವು. ಆದರೆ ಪ್ರತಿ ಮಾತಿನ ಹಿಂದೆಯೂ ಒಂದು ಬಾಲ ಇರುತ್ತಿತ್ತು. ಬಾಲ ಇದ್ದರೆ ಅದು ಬೈಗುಳವಲ್ಲ ಅನ್ನುವುದು ನಮ್ಮ ಮನೆಯ ಕಾಯಿದೆ.

ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಊಟಕ್ಕೆ ಕೂತವರನ್ನು ನೋಡಿ ಆಯಿ, ಇದೇನು ಹೊಟ್ಟೆಯೋ ಹಗೇವೋ ಅಂದುಬಿಡುತ್ತಿದ್ದಳು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ತಿನ್ನುವವರ ಕೈ ನಿಂತರೆ, ಮುದುಕಿಯ ಮಾತು, ಅದನ್ನೇನು ಹಿಡಿಯುತ್ತೀರಿ ಅನ್ನುವಳು. ಅದು ಆಯಿಯ ಬಾಲ. ಅಕ್ಕ ನನಗಿಂತ ಐದಾರು ವರ್ಷ ದೊಡ್ಡವಳು. ಗೆಳೆಯರ ಮುಂದೆಯೇ ನನ್ನನ್ನು ಸಿಂಬಳಬುರುಕ ಎಂದು ಕರೆದು ಕಿವಿ ಹಿಂಡುತ್ತಿದ್ದಳು, ಆಮೇಲೆ ನಿನ್ನ ಒಳ್ಳೆಯದಕ್ಕೇ ಹೇಳಿದೆ ಅನ್ನುತ್ತಿದ್ದಳು. ಅವ್ವನಿಗೆ ಮಾತ್ರ ಬಾಲ ಇರಲಿಲ್ಲ, ಯಾಕೆಂದರೆ ಅವಳಿಗೆ ಮಾತೇ ಕಡಿಮೆ. ನನಗೂ ಇರಲಿಲ್ಲ. ನನ್ನ ಕೆಳಗೆ ಬೈಯಲು ಸಿಗುತ್ತಿದ್ದದ್ದು ಒಂದು ಕರು, ಅದಕ್ಕೆ ಯಾವ ಸಮಜಾಯಿಷಿಯೂ ಬೇಕಾಗಿರಲಿಲ್ಲ.

ಎಲ್ಲರಿಗಿಂತ ಉದ್ದನೆಯ ಬಾಲ ಅಪ್ಪನದು. "ನಾ ಇದ್ದದ್ದು ಇದ್ದಂಗ ಹೇಳಾಂವ. ಹೊಟ್ಟ್ಯಾಗ ಏನೂ ಇರೂದಿಲ್ಲ." ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ ದೇವರೇ ಬಲ್ಲ. ಯಾರಾದರೂ ಹೊಸ ಮನೆ ಕಟ್ಟಿ ತೋರಿಸಿದರೆ ಅಪ್ಪ ಕೋಳಿಗೂಡು ಛಲೋ ಆಗಿದೆ ಅನ್ನುವವನು. ಭಜನೆಯಲ್ಲಿ ಯಾರಾದರೂ ಕಣ್ಣುಮುಚ್ಚಿ ಹಾಡಿದರೆ, ಪಾಪ, ಹೊಟ್ಟೆನೋವೇನೋ ಅನ್ನುವವನು. ಎದುರಿನವರು ಮುಖ ಸಪ್ಪೆ ಮಾಡಿದ ಕೂಡಲೇ ಆ ಬಾಲವನ್ನು ಹಚ್ಚಿ, ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನೂ ಸೇರಿಸಿ ನಗುತ್ತಿದ್ದ. ಒದೆ ತಿಂದವನು ತಾನೇ ಅನ್ನುವ ಹಾಗೆ ಎದೆ ಬೇರೆ ಸವರಿಕೊಳ್ಳುತ್ತಿದ್ದ. ನನಗೆ ಆಗಲೂ ಅದು ಸೇರುತ್ತಿರಲಿಲ್ಲ, ಈಗಲೂ ಸೇರುವುದಿಲ್ಲ.

ಊರಿನವರು, ಅವನ ಬಾಯಿ ಅಷ್ಟೇ ಕೆಟ್ಟದ್ದು, ಮನಸ್ಸು ಬೆಣ್ಣೆ ಅನ್ನುತ್ತಿದ್ದರು. ಆ ಬೆಣ್ಣೆ ನನಗೂ ಗೊತ್ತಿತ್ತು. ನನಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತುಕೊಂಡು ಅಫಜಲಪುರದ ಹಕೀಮರ ತನಕ ನಡೆದವನು ಅಪ್ಪನೇ. ಆದರೆ ಬೆಣ್ಣೆಯ ಗಡಿಗೆ ಮೇಲೆ ನೆಲುವಿನಲ್ಲಿ ಇರುತ್ತಿತ್ತು, ಕೆಳಗೆ ಕೂತವರ ತಲೆಯ ಮೇಲೆ ಬೀಳುತ್ತಿದ್ದದ್ದು ಬಾಯಿಯೇ. ಅದಕ್ಕೆ ನೆಂಟರು ನಮ್ಮ ಮನೆಗೆ ಬಂದರೆ ಅಪ್ಪ ಹೊಲಕ್ಕೆ ಹೋಗುವ ಹೊತ್ತು ನೋಡಿ ಬರುತ್ತಿದ್ದರು.

ನಮ್ಮ ಊರು ಗೊಬ್ಬೂರಿನಿಂದ ಒಂದು ಹರದಾರಿ ದೂರ. ಸುತ್ತ ಎರೆಹೊಲ, ಎತ್ತ ನೋಡಿದರೂ ಜೋಳ, ನಡುನಡುವೆ ತೊಗರಿ. ನಿಜಾಮರ ಕಾಲ ಅದು. ಶಾಲೆಯಲ್ಲಿ ಉರ್ದು ಕಲಿತು ಬಂದು, ಹೊಲದಲ್ಲಿ ಕನ್ನಡದಲ್ಲಿ ಹಕ್ಕಿ ಓಡಿಸುತ್ತಿದ್ದೆವು. ಬಿಳಿಜೋಳ ಕೊಯ್ದು, ತೆನೆ ಮುರಿದು ಮುಗಿದ ಮೇಲೆ ಹೊಲದ ಒಂದು ಮೂಲೆಯಲ್ಲಿ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಹೊಡೆದು, ಎತ್ತುಗಳಿಂದ ತುಳಿಸಿ ಗಟ್ಟಿ ಮಾಡಿ, ಅವ್ವ ಮತ್ತು ಅಕ್ಕ ಮಂಡಿಯೂರಿ ಕೂತು ಸಗಣಿಯಿಂದ ಸಾರಿಸುತ್ತಿದ್ದರು. ಒಣಗಿದ ಮೇಲೆ ಆ ಕಣ ನಮ್ಮ ಮನೆಯ ಪಡಸಾಲೆಗಿಂತ ಚೊಕ್ಕಟವಾಗಿರುತ್ತಿತ್ತು. ಬರಿಗಾಲಿಟ್ಟರೆ ತಣ್ಣಗೆ, ಸ್ವಲ್ಪ ಸಗಣಿ, ಸ್ವಲ್ಪ ಹಸಿಮಣ್ಣಿನ ವಾಸನೆ.

ಕಣಕ್ಕೆ ಅದರದೇ ರೀತಿ ಇತ್ತು. ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡುವಂತಿಲ್ಲ. ಖಾಲಿ, ಇಲ್ಲ, ಮುಗಿಯಿತು ಇಂಥ ಮಾತುಗಳನ್ನು ಆಡುವಂತಿಲ್ಲ. ಕಾಳು ಅಳೆಯುವಾಗ ಒಂದು ಅನ್ನುತ್ತಿರಲಿಲ್ಲ, ಲಾಭ ಅಂತಲೇ ಶುರು ಮಾಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ರಾಶಿ ಏಳುವ ತನಕ ಅಲ್ಲಿ ಒಬ್ಬರನ್ನೊಬ್ಬರು ನೋಯಿಸುವ ಮಾತು ಆಡಬಾರದು. ಆಡಿದರೆ ರಾಶಿಯ ಹುಲುಸು ಹೋಗುತ್ತದೆ, ಅಂದರೆ ಎಷ್ಟು ಬೆಳೆದರೂ ಮನೆಯಲ್ಲಿ ಸಾಲದೇ ಬರುತ್ತದೆ ಅಂತ ನಂಬಿಕೆ. ವರ್ಷವಿಡೀ ಬಾಯಿಗೆ ಬಂದಂತೆ ಮಾತಾಡುವ ಜನ ಕಣದಲ್ಲಿ ಮಾತ್ರ ಮದುವೆಗೆ ಬಂದ ಬೀಗರ ಹಾಗೆ ನಡೆದುಕೊಳ್ಳುತ್ತಿದ್ದರು. ನನಗೆ ಸುಗ್ಗಿ ಅಂದರೆ ಇಷ್ಟವಿದ್ದದ್ದಕ್ಕೆ ಅದೂ ಒಂದು ಕಾರಣ.

ತೆನೆಯಿಂದ ಕಾಳು ಬಿಡಿಸಲು ಹಂತಿ ಕಟ್ಟಬೇಕು. ಕಣದ ನಡುವೆ ಮೇಟಿ ಅಂತ ಒಂದು ಕಂಬ. ಅದಕ್ಕೆ ಎತ್ತುಗಳನ್ನು ಒಂದರ ಪಕ್ಕ ಒಂದು ಕಟ್ಟಿ, ಹರವಿದ ತೆನೆಯ ಮೇಲೆ ಸುತ್ತು ಹಾಕಿಸುವುದು. ನಮ್ಮಲ್ಲಿ ಇದ್ದದ್ದು ಒಂದು ಜೋಡಿ, ಅದು ಸಾಲದು. ಬದುವಿನ ಆಚೆಯ ಹೊಲ ಅಪ್ಪನ ಗೆಳೆಯನದು, ಅವನನ್ನು ನಾನು ಚಾಚಾ ಅನ್ನುತ್ತಿದ್ದೆ. ಅವನ ಹತ್ತಿರವೂ ಒಂದು ಜೋಡಿ. ಮೊದಲು ಅವನ ಕಣ, ಆಮೇಲೆ ನಮ್ಮ ಕಣ, ಎರಡಕ್ಕೂ ನಾಲ್ಕೂ ಎತ್ತು. ಅಪ್ಪ ಮತ್ತು ಚಾಚಾ ಕೂಡಿಯೇ ದನ ಕಾಯ್ದು ಬೆಳೆದವರು. ಒಬ್ಬ ಇನ್ನೊಬ್ಬನನ್ನು ಲೇ ದೋಸ್ತಾ ಎಂದೇ ಕೂಗುತ್ತಿದ್ದ.

ಚಾಚಾನ ಎರಡು ಎತ್ತುಗಳಲ್ಲಿ ಒಂದು ಹರೆಯದ್ದು, ಖಜೂರಿ ಕಡೆಯಿಂದ ತಂದದ್ದು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇನ್ನೊಂದು ಬಹಳ ಮುದಿಯಾಗಿತ್ತು. ಕೊಂಬಿನ ತುದಿ ಮೊಂಡು, ಬೆನ್ನಿನ ಎಲುಬು ಎಣಿಸಬಹುದು, ಕಣ್ಣಂಚಿನಲ್ಲಿ ಸದಾ ನೀರು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರಲ್ಲ, ಆ ಎತ್ತಿಗೂ ಎಲ್ಲರೂ ಮುತ್ಯಾ ಅಂತಲೇ ಕರೆಯುತ್ತಿದ್ದರು. ನಾನು ಅದರ ಗಂಗೆದೊಗಲು ಸವರಿದರೆ ಕುತ್ತಿಗೆಯನ್ನು ಮುಂದೆ ಚಾಚಿ ಇನ್ನೂ ಸವರು ಅನ್ನುವಂತೆ ನಿಲ್ಲುತ್ತಿತ್ತು. ಹಂತಿಯಲ್ಲಿ ಅದನ್ನು ಯಾವಾಗಲೂ ಮೇಟಿಯ ಪಕ್ಕಕ್ಕೇ ಕಟ್ಟುತ್ತಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಆ ವರ್ಷ ಚಾಚಾನ ಕಣಕ್ಕೆ ಒಬ್ಬ ಮೆಹಮಾನ ಬಂದಿದ್ದ. ಮಗಳನ್ನು ಭೀಮಾ ಹೊಳೆಯ ಆಚೆ, ಜೇವರ್ಗಿ ಕಡೆಯ ಒಂದು ಹಳ್ಳಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಅಳಿಯ ಮಾವನ ಸುಗ್ಗಿ ನೋಡಲು ಬಂದಿದ್ದ. ಚಾಚಾ ಹೊಸ ರುಮಾಲು ಸುತ್ತಿಕೊಂಡು, ಹಾಡು ಹೇಳುತ್ತ ಎತ್ತಿನ ಹಿಂದೆ ತಿರುಗುತ್ತಿದ್ದ. ಅಳಿಯನಿಗೆ ಕಾಣಲಿ ಅಂತ ಹಾಡನ್ನೂ ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದ. ಕೆಲಸ ಇನ್ನೇನು ಮುಗಿಯಬೇಕು, ಆಗ ಮುತ್ಯಾ ಒಂದು ಕ್ಷಣ ನಿಂತುಬಿಟ್ಟಿತು. ಅಪ್ಪ ಮೊರದಿಂದ ಹೊಟ್ಟು ತೂರುತ್ತಿದ್ದವನು ತಲೆಯೆತ್ತಿ ನೋಡಿದ.

"ಎತ್ತೂ ಮುದಿ, ಒಡ್ಯಾನೂ ಮುದಿ," ಅಂದ. "ಇಬ್ಬರನೂ ಆಳಂದ ಸಂತಿಗಿ ಹೊಡಕೊಂಡು ಹೋದ್ರ, ಕಟ್ಟಿದ ಹಗ್ಗ ಅಷ್ಟ ಕೇಳ್ತಾರ ನೋಡ್ರಿ."

ಸುತ್ತ ಇದ್ದವರು ನಕ್ಕರು. ಚಾಚಾನ ಮುಖದ ಮೇಲೂ ಅಭ್ಯಾಸದಿಂದ ನಗೆ ಬಂತು. ಆದರೆ ಅಳಿಯ ನಗಲಿಲ್ಲ, ತಲೆ ತಗ್ಗಿಸಿ ತನ್ನ ಕಾಲಬೆರಳು ನೋಡುತ್ತ ನಿಂತ. ಅದನ್ನು ಚಾಚಾ ನೋಡಿದ. ಅವನ ನಗೆ ಅಲ್ಲಿಯೇ ನಿಂತಿತು, ಹಾಡೂ ನಿಂತಿತು. ಅಪ್ಪ ಎಂದಿನಂತೆ ಇದ್ದದ್ದು ಇದ್ದಂಗೆ ಅಂತ ಶುರು ಮಾಡಿ ಬಾಲವನ್ನು ಪೂರ್ತಿ ಹಚ್ಚಿದ. ಚಾಚಾ ಮುತ್ಯಾನ ಹಗ್ಗ ಬಿಚ್ಚಿ, ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು ನೆರಳಿಗೆ ಕರೆದುಕೊಂಡು ಹೋದ.

ಸಂಜೆ ಮನೆಯಲ್ಲಿ ನಾನೇ ಇದನ್ನು ಆಯಿಗೆ ಹೇಳಿದೆ. ಬೇರೆ ದಿನವಾಗಿದ್ದರೆ ಆಯಿ ನಗುತ್ತಿದ್ದಳೋ ಏನೋ. ಆದರೆ ಎಲ್ಲಿ ಅಂದ, ಕಣದಲ್ಲೇನು ಎಂದು ಕೇಳಿದಳು. ಹೌದು ಅಂದೆ. ಅವಳ ಮುಖ ಗಂಟಾಯಿತು. ಅಪ್ಪನನ್ನು ಕರೆದು ಕೇಳಿದರೆ ಅಪ್ಪ, ನನ್ನ ಹೊಟ್ಟೆಯಲ್ಲಿ ಏನಿದೆ ಅಂತ ಅವನಿಗೆ ಗೊತ್ತಿಲ್ಲವೇ ಅಂದ. "ರಾಶಿಗಿ ಹೊಟ್ಟ್ಯಾಗಿಂದು ಕಾಣಂಗಿಲ್ಲೋ ಅಪ್ಪಾ," ಅಂದಳು ಆಯಿ, "ಬಾಯಾಗಿಂದು ಅಷ್ಟ ಕೇಳಸ್ತದ." ಹಂತಿಯಲ್ಲಿ ಎತ್ತುಗಳು ತೆನೆ ತಿನ್ನದ ಹಾಗೆ ಅವುಗಳ ಬಾಯಿಗೆ ಹಗ್ಗದ ಬಲೆ ಕಟ್ಟುತ್ತಾರೆ. ಅದರಲ್ಲಿ ಒಂದನ್ನು ಮಗನಿಗೂ ಹೆಣೆಯಬೇಕಿತ್ತು ಎಂದು ಗೊಣಗುತ್ತ ಆಯಿ ಒಳಗೆ ಹೋದಳು.

ಮರುದಿನ ನಮ್ಮ ಕಣ. ಸೂರ್ಯ ಏಳುವ ಮೊದಲೇ ಅಪ್ಪ ತೆನೆಯೆಲ್ಲ ಕೆಳಗೆ ಹರವಿದ್ದ. ವರ್ಷದ ರೊಟ್ಟಿ ಪೂರ್ತಿ ಅಲ್ಲಿ ನೆಲದ ಮೇಲೆ ಬಿದ್ದಿತ್ತು. ಬೆಳಗಾದಂತೆ ನೋಡಿದರೆ ಪಡುವಣ ದಿಕ್ಕಿನಲ್ಲಿ ಮೋಡ. ಆ ಕಾಲದಲ್ಲಿ ಬರಬಾರದ ಮೋಡ. ಹರವಿದ ತೆನೆಯ ಮೇಲೆ ಮಳೆ ಬಿದ್ದರೆ ಮುತ್ತಿನಂಥ ಬಿಳಿಜೋಳ ಕಪ್ಪಾಗಿ, ರೊಟ್ಟಿ ಕಹಿಯಾಗುತ್ತದೆ. ಆಯಿ ಬೇವಿನ ಮರದ ಕೆಳಗೆ ಕೂತು, ಹಕ್ಕಿ ಓಡಿಸುವ ನೆಪದಲ್ಲಿ ಮೋಡವನ್ನೇ ನೋಡುತ್ತಿದ್ದಳು.

ಹೊತ್ತು ಏರಿದರೂ ಚಾಚಾ ಬರಲಿಲ್ಲ, ಅವನ ಅಳಿಯ ಬಂದ. ಅವನ ಕೈಯಲ್ಲಿ ಖಜೂರಿಯ ಹರೆಯದ ಎತ್ತು ಒಂದೇ ಇತ್ತು. ಅಪ್ಪ, ಇನ್ನೊಂದೆಲ್ಲಿ ಅಂದ. ಅಳಿಯ ಬಹಳ ಮರ್ಯಾದೆಯಿಂದ ಹೇಳಿದ: "ಮಾಮು ಇದನ್ನ ಕಳಸ್ಯಾನ್ರಿ. ಮುದೀದು ಯಾತಕ್ಕ ಬರ್ತದ ಅಂತ ಮನ್ಯಾಗ ಕಟ್ಯಾನ್ರಿ." ಚಾಚಾ ಮಾತು ತಪ್ಪಿರಲಿಲ್ಲ. ಉಪಯೋಗಕ್ಕೆ ಬರುವ ಎತ್ತನ್ನು ಕಳಿಸಿದ್ದ, ಉಪಯೋಗಕ್ಕಿಲ್ಲ ಅಂತ ಅಪ್ಪ ಹೇಳಿದ್ದನ್ನು ಮನೆಯಲ್ಲಿ ಇಟ್ಟುಕೊಂಡಿದ್ದ. ಅಪ್ಪ, ಒಳ್ಳೆಯದೇ ಆಯಿತು, ಕೆಲಸ ಜಲ್ದಿ ಆಗುತ್ತದೆ ಅಂದ.

ಮೂರು ಎತ್ತು ಕಟ್ಟಿದರು. ಮೇಟಿಯ ಪಕ್ಕಕ್ಕೆ ನಮ್ಮದೇ ಒಂದು ಗಟ್ಟಿಮುಟ್ಟಾದ ಎತ್ತು. ಅಪ್ಪ ಹೋ ಅಂದ. ನನಗೆ ಆ ದಿನ ತಿಳಿಯಿತು ಮುತ್ಯಾನ ಕೆಲಸ ಏನು ಅಂತ. ಹಂತಿಯಲ್ಲಿ ಹೊರಗಿನ ಎತ್ತು ದೊಡ್ಡ ಸುತ್ತು ಓಡಬೇಕು, ಒಳಗಿನದು ಇದ್ದಲ್ಲಿಯೇ ನಿಂತ ಹಾಗೆ ಸಣ್ಣ ಹೆಜ್ಜೆಯಿಟ್ಟು ತಿರುಗಬೇಕು. ಹರೆಯದ ಎತ್ತಿಗೆ ಅಂಥ ಸಮಾಧಾನ ಎಲ್ಲಿಂದ ಬರಬೇಕು? ನಮ್ಮ ಎತ್ತು ದಾಪುಗಾಲು ಹಾಕಿತು. ಪಕ್ಕದವು ಹಿಂದೆ ಬಿದ್ದವು, ಹಗ್ಗ ಮೇಟಿಗೆ ಸುತ್ತಿಕೊಂಡಿತು, ಒಂದು ಎತ್ತು ಹಿಂದಕ್ಕೆ ಜಗ್ಗಿತು, ಇನ್ನೊಂದು ಕಣದ ಹೊರಗೆ ಕಾಲಿಟ್ಟು ತೆನೆಯನ್ನೆಲ್ಲ ಮಣ್ಣಿಗೆ ಎಳೆಯಿತು. ಬಿಡಿಸಿ ಮತ್ತೆ ಕಟ್ಟಿದರು, ಮತ್ತೆ ಹಾಗೆಯೇ ಆಯಿತು. ಎತ್ತು ಬದಲಿಸಿ ನೋಡಿದರು. ಆಗಲೂ ಹಗ್ಗ ಸುತ್ತಿಕೊಂಡಿತು, ಈ ಸಲ ಒಂದು ಎತ್ತು ಮಂಡಿಯೂರಿ ಬಿದ್ದು ಮೊಣಕಾಲು ತರಚಿಕೊಂಡಿತು. ಅಪ್ಪನ ಕುತ್ತಿಗೆಯ ನರ ಉಬ್ಬಿತು, ಬಾಯಿ ತೆರೆಯಿತು. ಬೇವಿನ ಕೆಳಗಿನಿಂದ ಆಯಿ ಒಂದೇ ಮಾತು ಅಂದಳು, "ಕಣ." ಅಪ್ಪ ಬಾಯಿ ಮುಚ್ಚಿದ. ಮೋಡ ಅಷ್ಟರಲ್ಲಿ ಅಂಗೈ ಅಗಲದಿಂದ ಕಂಬಳಿಯಷ್ಟಾಗಿತ್ತು.

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಊರ ಕಡೆ ಹೊರಟ. ನಾನೂ ಹಿಂದೆ ಓಡಿದೆ. ಚಾಚಾ ತನ್ನ ಅಂಗಳದಲ್ಲಿ ಮುತ್ಯಾನ ಮೈ ತಿಕ್ಕುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತು, ಬರ್ರಿ, ಕೂಡ್ರಿ ಅಂದ. ಚಾಚಾನ ಬಾಯಲ್ಲಿ ಅಪ್ಪನಿಗೆ ಇಂಥ ಮರ್ಯಾದೆ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಕ್ಕಿಲ್ಲ, ಕೂಡಬೇಕೋ ನಿಲ್ಲಬೇಕೋ ತಿಳಿಯದೆ ಕಟ್ಟೆಯ ಅಂಚಿಗೆ ಕೂತ. ಕಣದಲ್ಲಿ ಬೈಯುವುದು ಸುಲಭವಾಗಿತ್ತು, ಇಲ್ಲಿ ಕೂಡುವುದು ಕಷ್ಟವಾಯಿತು.

"ನನ್ನ ಬಾಯಿ ನಿನಗ ಗೊತ್ತಿಲ್ಲೇನೋ ದೋಸ್ತಾ," ಅಂದ ಅಪ್ಪ. "ಇದ್ದದ್ದು ಇದ್ದಂಗ ಅಂದುಬಿಡ್ತೇನಿ. ಹೊಟ್ಟ್ಯಾಗ ಏನೂ ಇರೂದಿಲ್ಲ."

ಚಾಚಾ ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವವನ ಹಾಗೆ ಮೆಲ್ಲಗೆ ಕೇಳಿದ: "ಹೊಟ್ಟ್ಯಾಗ ಇಲ್ಲದ್ದು ಬಾಯಾಗ ಎಲ್ಲಿಂದ ಬಂತ್ರಿ?"

ಚಾಚಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ಕುಡಿಯದೆ ಏಳುವಂತಿರಲಿಲ್ಲ, ಇಬ್ಬರೂ ಕುಡಿದೆವು. ಮಜ್ಜಿಗೆಗೆ ಜೀರಿಗೆ ಹಾಕಿದ್ದಳು, ಬಹಳ ರುಚಿಯಾಗಿತ್ತು. ಅಪ್ಪ ಕೊನೆಗೆ ಎತ್ತಿನ ವಿಷಯ ತೆಗೆದಾಗ ಚಾಚಾ, ಮುದಿ ಎತ್ತು, ನಿಮ್ಮ ಕಣದಲ್ಲಿ ಅದಕ್ಕೇನು ಕೆಲಸ ಅಂತಷ್ಟೇ ಹೇಳಿ ಮತ್ತೆ ಮೈ ತಿಕ್ಕತೊಡಗಿದ.

ದಾರಿಯುದ್ದಕ್ಕೂ ಅಪ್ಪ ಗೊಣಗುತ್ತ ಬಂದ. ಜನರಿಗೆ ಖರೆ ಮಾತು ತಡೆದುಕೊಳ್ಳುವ ಶಕ್ತಿ ಇಲ್ಲ. ಚ್ಯಾಷ್ಟಿ ಯಾವುದು, ಬೈಗುಳ ಯಾವುದು ತಿಳಿಯುವುದಿಲ್ಲ. ಮಗಳನ್ನು ಕೊಟ್ಟ ಮೇಲೆ ದೋಸ್ತನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಎಲ್ಲರ ತಪ್ಪೂ ಬಂತು, ಅವನದೊಂದು ಬಿಟ್ಟು. ನನಗೆ ಅಪ್ಪನ ಮೇಲೆ ಬಹಳ ಸಿಟ್ಟು ಬಂದಿತ್ತು. ಚಾಚಾ ಇನ್ನು ನಮ್ಮ ಕಣದಲ್ಲಿ ಹಾಡುವುದೇ ಇಲ್ಲವೇನೋ, ಮುತ್ಯಾನ ಗಂಗೆದೊಗಲು ಇನ್ನು ನನಗೆ ಸಿಗುವುದೇ ಇಲ್ಲವೇನೋ ಎಂದು ಅಳು ಒತ್ತಿ ಬರುತ್ತಿತ್ತು.

ಕಣಕ್ಕೆ ಬರುವಾಗ ಅಕ್ಕನೂ ಬುತ್ತಿ ಹೊತ್ತುಕೊಂಡು ಬಂದಳು. ಬಿಸಿಲಿನಲ್ಲಿ ಅಷ್ಟು ದೂರ ನಡೆದು ಅವಳ ಮುಖ ಕೆಂಪಾಗಿತ್ತು. ಅಪ್ಪ ಅಷ್ಟು ಹೊತ್ತು ತಡೆದಿಟ್ಟುಕೊಂಡ ಬಾಯಿಗೆ ಒಂದು ದಾರಿ ಸಿಕ್ಕಂತಾಯಿತು. ಆಮೆಯ ಹೊಟ್ಟೆಯಲ್ಲಿ ಹುಟ್ಟಬೇಕಾದವಳು ನಮ್ಮ ಮನೆಯಲ್ಲಿ ಹುಟ್ಟಿದೆ ಅಂದ. ಅಕ್ಕನ ಕಣ್ಣು ತುಂಬಿದವು. ಅಪ್ಪ ಕೂಡಲೇ, ಇದ್ದದ್ದು ಅಂದೆ, ಅಂದ.

ಅಕ್ಕ ಬುತ್ತಿಯನ್ನು ನಿಧಾನವಾಗಿ ಕೆಳಗಿಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಕಣದ ತುಂಬ ಚೆಲ್ಲಾಪಿಲ್ಲಿ ಬಿದ್ದ ತೆನೆ, ಒಂದು ಕಾಲೆತ್ತಿ ನಿಂತ ಎತ್ತು, ಏರುತ್ತಿರುವ ಮೋಡ ಎಲ್ಲವನ್ನೂ ನೋಡಿದಳು.

"ಅಪ್ಪಾ, ನೀ ಇದ್ದದ್ದು ಇದ್ದಂಗ ಹೇಳ್ತೀದಿ," ಅಂದಳು. "ಮುತ್ಯಾ ಇಲ್ದ ನಮ್ಮ ಹಂತಿ ನಡೀವಲ್ದು. ಅದೂ ಇದ್ದದ್ದ ಹೌದಲ್ಲ? ಅದನ್ನ್ಯಾಕ ಹೇಳವಲ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿನ್ನ ಒಳ್ಳೆಯದಕ್ಕೆ ಎಂಬ ಬಾಲವನ್ನೂ ಹಚ್ಚಲಿಲ್ಲ. ಚಾಚಾನ ಅಳಿಯ ಇದು ತನಗೆ ಕೇಳಿಸಲೇ ಇಲ್ಲ ಅನ್ನುವವನ ಹಾಗೆ ಎತ್ತಿನ ಮೊಣಕಾಲು ನೋಡುತ್ತ ಕೂತ. ಅಪ್ಪ ಬುತ್ತಿಯ ಮುಂದೆ ಕೂತ, ರೊಟ್ಟಿ ಮುರಿದ, ಬಾಯಿಗಿಡಲಿಲ್ಲ. ಗಾಳಿ ತಣ್ಣಗೆ ಬೀಸತೊಡಗಿತ್ತು. ಅಪ್ಪ ಮುರಿದ ರೊಟ್ಟಿಯನ್ನು ಹಾಗೆಯೇ ಮುಚ್ಚಿಟ್ಟು ಎದ್ದು, ಅಳಿಯನಿಗೆ, ನೀವೂ ನನ್ನ ಜೊತೆ ಬರ್ರಿ ಅಂದ. ಚಪ್ಪಲಿಗಳು ಕಣದ ಅಂಚಿನಲ್ಲಿಯೇ ಉಳಿದವು. ಮರೆತನೋ, ಬೇಕೆಂದೇ ಬಿಟ್ಟನೋ ನನಗೆ ಗೊತ್ತಿಲ್ಲ. ನೆಲ ಇನ್ನೂ ಕಾದಿತ್ತು. ಅಪ್ಪ ಬರಿಗಾಲಿನಲ್ಲಿ ಬಿರಬಿರನೆ ನಡೆದ, ನಾನು ಮತ್ತೆ ಹಿಂದೆ ಓಡಿದೆ.

ಚಾಚಾ ಈ ಸಲವೂ ಎದ್ದು ನಿಂತ. ಅವನು ಬರ್ರಿ ಅನ್ನುವ ಮೊದಲೇ ಅಪ್ಪ ಮಾತಾಡಿದ. ಕೂಡಲಿಲ್ಲ.

"ನಿನ್ನಿ ನಿನ್ನ ಅಳಿಯನ ಮುಂದ ಅಂದೆ, ಇವತ್ತ ಅವನ ಮುಂದನ ಹೇಳ್ತೇನಿ. ಮುತ್ಯಾ ಇಲ್ದ ನನ್ನ ಹಂತಿ ನಡೀವಲ್ದು. ನೀ ಇಲ್ದ ನನಗೂ ನಡ್ಯಾಂಗಿಲ್ಲ. ನಾ ನಿನಗ ಅಂದದ್ದು ತಪ್ಪು."

ಅಷ್ಟಕ್ಕೆ ನಿಂತಿತು. ಚಾಚಾ ಕಾಯುತ್ತಿದ್ದ, ನಾನೂ ಕಾಯುತ್ತಿದ್ದೆ. ಅಪ್ಪನ ತುಟಿ ಅಲುಗಿತು. ಇನ್ನೇನು ಆ ಬಾಲ ಬಂದೇಬಿಡುತ್ತದೆ, ನನ್ನ ಬಾಯಿ ನಿನಗೆ ಗೊತ್ತಲ್ಲ ಅನ್ನುತ್ತಾನೆ, ಹೊಟ್ಟೆಯಲ್ಲಿ ಏನೂ ಇಲ್ಲ ಅನ್ನುತ್ತಾನೆ ಅಂತ ಅಂದುಕೊಂಡೆ. ಅಪ್ಪನ ಗಂಟಲ ಗುಬ್ಬಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಅವನು ಅದನ್ನು ನುಂಗಿದ. ಜೋಳದ ಚೀಲ ಎತ್ತುವಾಗಲೂ ಅಪ್ಪ ಅಷ್ಟು ಕಷ್ಟಪಟ್ಟದ್ದನ್ನು ನಾನು ನೋಡಿರಲಿಲ್ಲ.

ಚಾಚಾ ಅಪ್ಪನ ಬರಿಗಾಲು ನೋಡಿದ, ಅಳಿಯನ ಮುಖ ನೋಡಿದ. ಅಳಿಯ ಆಗಲೇ ಗೂಟದ ಹತ್ತಿರ ಹೋಗಿ ಮುತ್ಯಾನ ಹಗ್ಗಕ್ಕೆ ಕೈಹಾಕಿದ್ದ. ಚಾಚಾ ಅವನ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ಬಿಚ್ಚಿದ. "ನಡಿ ಲೇ," ಅಂದ ಅಪ್ಪನಿಗೆ, "ಮಾಡ ಏರಾಕತ್ತದ." ಆ ಲೇ ಕೇಳಿ ನನಗೆ ಆದ ಸಂತೋಷ ಹೇಳತೀರದು. ನಾನು ಓಡಿಹೋಗಿ ಮುತ್ಯಾನ ಕುತ್ತಿಗೆ ಅಪ್ಪಿಕೊಂಡೆ.

ಆಮೇಲೆ ನಡೆದದ್ದು ಬರೀ ಕೆಲಸ. ಮುತ್ಯಾ ಮೇಟಿಯ ಪಕ್ಕ ನಿಂತು ಒಮ್ಮೆ ಮೂಸಿತು, ತನ್ನ ಜಾಗ ಅಂತ ಗುರುತು ಹಿಡಿದು ಸಣ್ಣ ಹೆಜ್ಜೆ ಇಡತೊಡಗಿತು. ಅದರ ಪಕ್ಕ ನಮ್ಮವೆರಡು, ಹೊರಗೆ ಖಜೂರಿಯದು ಓಡೋಡಿ ಬಂತು. ಕುಂಟುವ ಎತ್ತಿಗೂ ಆ ನಡಿಗೆ ಹಗುರಾಯಿತು. ಹಗ್ಗ ಒಮ್ಮೆಯೂ ಸುತ್ತಿಕೊಳ್ಳಲಿಲ್ಲ. ಚಾಚಾ ಮೊದಲು ಸುಮ್ಮನೆ ತಿರುಗಿದ, ಆಮೇಲೆ ಗುನುಗಿದ, ಹೊತ್ತು ಇಳಿಯುವ ಹೊತ್ತಿಗೆ ದನಿ ಎತ್ತಿ ಹಾಡುತ್ತಿದ್ದ. ಅಳಿಯ ಕೊನೆಯ ಸಾಲನ್ನು ಎತ್ತಿಕೊಳ್ಳುತ್ತಿದ್ದ, ಅವನ ದನಿಯೂ ಚೆನ್ನಾಗಿತ್ತು. ಅಪ್ಪ ತಲೆ ತಗ್ಗಿಸಿ ತೆನೆ ಹೊರಳಿಸುತ್ತ ಇದ್ದ. ಕಾಳು ಬಿಡಿಸಿ ಗುಡ್ಡೆ ಹಾಕಿ, ಮೇಲೆ ಕಣಿಕೆ, ಅಂದರೆ ಜೋಳದ ಒಣದಂಟು ಒಟ್ಟಿ, ಕಂಬಳಿ ಹೊದಿಸುವಷ್ಟರಲ್ಲಿ ನಾಲ್ಕು ಹನಿ ಟಪಟಪ ಬಿದ್ದವು. ಮಳೆ ನಮ್ಮ ಕಣದ ಮೇಲಿಂದ ಹಾದು ಅತನೂರಿನ ಕಡೆ ಹೋಯಿತು. ಜೋಳ ಬೆಳ್ಳಗೆ ಉಳಿಯಿತು.

ಮರುದಿನ ಅಳೆಯುವಾಗ ಅಪ್ಪ ಸೇರನ್ನು ತಾನು ಹಿಡಿಯಲಿಲ್ಲ, ಚಾಚಾನ ಕೈಗೆ ಕೊಟ್ಟ. ಚಾಚಾ ರಾಶಿಗೆ ಕೈಮುಗಿದು ಮೊದಲ ಸೇರು ತುಂಬಿ, ಲಾಭ ಅಂದ. ಆ ವರ್ಷ ಹುಲುಸು ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ರೊಟ್ಟಿ ಕಹಿಯಾಗಿರಲಿಲ್ಲ, ಅದು ನೆನಪಿದೆ.

ಅಪ್ಪ ಅಂದಿನಿಂದ ಬದಲಾಗಿಬಿಟ್ಟ ಅಂತ ಹೇಳಿದರೆ ಸುಳ್ಳಾದೀತು. ಹುಟ್ಟುಗುಣ ಸುಟ್ಟರೂ ಹೋಗದು. ಎಷ್ಟೋ ಸಲ ಕೋಳಿಗೂಡು, ಆಮೆ, ಹೊಟ್ಟೆನೋವು ಎಲ್ಲ ಮತ್ತೆ ಬಾಯಿಗೆ ಬರುತ್ತಿದ್ದವು. ಆದರೆ ನಮಗೆ ಒಂದು ಮಾತು ಸಿಕ್ಕಿತ್ತು. ಅಪ್ಪ ಇದ್ದದ್ದು ಅಂತ ಶುರು ಮಾಡಿದ ಕೂಡಲೇ ಅಕ್ಕ ರೊಟ್ಟಿ ಬಡಿಯುತ್ತ, ತಿರುಗಿಯೂ ನೋಡದೆ, "ಅಪ್ಪಾ, ಕಣ" ಅನ್ನುತ್ತಿದ್ದಳು. ಅಪ್ಪ ಅಲ್ಲಿಗೇ ಬಾಯಿ ಮುಚ್ಚಿ, ಮೀಸೆಯೊಳಗೆ ಸ್ವಲ್ಪ ನಗುತ್ತಿದ್ದ. ಅಕ್ಕ ನನ್ನ ಕಿವಿ ಹಿಂಡಿದಾಗ ನಾನೂ ಅದನ್ನೇ ಅನ್ನುತ್ತಿದ್ದೆ. ಆಯಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಈಗ ಮೊಮ್ಮಕ್ಕಳಾದ ನೀವು ನೋಡಿದ್ದೀರಲ್ಲ, ಹೊಲಕ್ಕೆ ಮಷೀನು ಬರುತ್ತದೆ, ಒಂದು ಕಡೆ ತೆನೆ ಹಾಕಿದರೆ ಇನ್ನೊಂದು ಕಡೆ ಕಾಳು ಸುರಿಯುತ್ತದೆ. ಅದರ ಸದ್ದಿನಲ್ಲಿ ಯಾರು ಯಾರಿಗೆ ಏನಂದರೂ ಕೇಳಿಸುವುದಿಲ್ಲ. ಕಣ ಇಲ್ಲ, ಮೇಟಿ ಇಲ್ಲ, ಮೇಟಿಯ ಪಕ್ಕ ಸಮಾಧಾನದಿಂದ ತಿರುಗುವ ಎತ್ತೂ ಇಲ್ಲ. ಅದಕ್ಕೆ ನನಗೆ ದುಃಖವಿಲ್ಲ. ಆ ಎತ್ತುಗಳು ಪಟ್ಟ ಕಷ್ಟ ನಾನು ನೋಡಿದ್ದೇನೆ, ಬಾಯಿಗೆ ಬಲೆ ಕಟ್ಟಿಸಿಕೊಂಡು ಕಾಳಿನ ಮೇಲೇ ನಡೆಯುವುದು ಸಣ್ಣ ಕಷ್ಟವಲ್ಲ. ನೀವು ಓದುತ್ತೀರಿ, ಫೋನಿನಲ್ಲಿ ಊರೂರಿನ ಗೆಳೆಯರೊಡನೆ ಮಾತಾಡುತ್ತೀರಿ. ಅದನ್ನು ನೋಡಿ ನನಗೆ ಖುಷಿಯೇ.

ಆದರೆ ಬಾಲಗಳು ಮಾತ್ರ ಹೋಗಿಲ್ಲ, ಹೆಸರು ಬದಲಾಯಿಸಿಕೊಂಡಿವೆ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಚಿಕ್ಕವನ ಚಿತ್ರ ನೋಡಿ, ಇದು ಆನೆಯೋ ಆಲೂಗಡ್ಡೆಯೋ ಅಂದಳು. ಅವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಅವಳು, ಅಯ್ಯೋ, ಜೋಕ್ ಮಾಡಿದೆ, ಸೀರಿಯಸ್ ಆಗಿ ತಗೋಬೇಡ ಅಂದಳು. ಅವನು ಮಾರನೆಯ ದಿನ ಅವಳ ಹಾಡು ಕೇಳಿ ಕಿವಿ ಮುಚ್ಚಿಕೊಂಡು, ನಾನು ಇರೋದೇ ಹೀಗೆ ಅಂದ. ನಾನು ಮೂಲೆಯಲ್ಲಿ ಕೂತು ಇಬ್ಬರನ್ನೂ ನೋಡಿದೆ. ಅವನ ಜೇಬಿನ ಕಾಗದ ಅಲ್ಲಿಂದ ಹೊರಗೆ ಬರಲೇ ಇಲ್ಲ. ಅವಳು ಆ ಸಂಜೆ ಹಾಡಲಿಲ್ಲ. ನನಗೆ ಚಾಚಾನ ಹಾಡು ನಿಂತುಹೋದ ಗಳಿಗೆ ನೆನಪಾಯಿತು. ಅದಕ್ಕೇ ಇಷ್ಟೆಲ್ಲ ಹೇಳಿದೆ.

ನಮ್ಮ ಮನೆಯ ಆ ಮಾತನ್ನು ನಿಮಗೆ ಕೊಡುತ್ತೇನೆ, ಇಟ್ಟುಕೊಳ್ಳಿ. ಬೇಕಾದಾಗ ಒಬ್ಬರಿಗೊಬ್ಬರು ಹೇಳಿಕೊಳ್ಳಿ. ನನ್ನನ್ನೂ ಬಿಡಬೇಡಿ. ಊಟಕ್ಕೆ ಕೂತಾಗ ನಾನು ಸೊಸೆಯ ಸಾರಿಗೆ ಏನಾದರೂ ಅಂದು, ಆಮೇಲೆ ಮುದುಕನ ಮಾತು, ಏನು ಹಿಡಿಯುತ್ತೀರಿ ಅನ್ನುವುದು ಇತ್ತೀಚೆಗೆ ಜಾಸ್ತಿಯಾಗಿದೆ ಅಂತ ನನಗೂ ಅನುಮಾನ. ಆಯಿಗೆ ನಾವು ಹೇಳಲಾರದೆ ಹೋದದ್ದನ್ನು ನೀವು ನನಗೆ ಧೈರ್ಯವಾಗಿ ಹೇಳಿ: ಮುತ್ಯಾ, ಕಣ. ನಾನು ಬಾಯಿ ಮುಚ್ಚಿ ಸಾರು ಕುಡಿಯುತ್ತೇನೆ.